ಅಜ್ಜಿಕಲ್ಲು ಬಿಚ್ಚಿದ ದಿನ

ಹಂಗಾರಕಟ್ಟೆ
೧೨ ಸೆಪ್ಟೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅಣ್ಣಾ,

ಹುಷಾರಾಗಿದ್ದೀಯಾ? ಹಡಗಿನ ಇಂಜಿನ್ ರೂಮಿನ ಸೆಕೆಗೆ ಕುತ್ತಿಗೆಯಲ್ಲಿ ಎದ್ದಿದ್ದ ಬೊಕ್ಕೆ ಒಣಗಿತಾ? ನಮ್ಮ ಅಂಗಡಿಯ ಮುಲಾಮನ್ನೇ ಮತ್ತೆ ಕಳಿಸುತ್ತಿದ್ದೇನೆ, ಕಳೆದ ಸಲದ ಹಾಗೆ ಯಾರಿಗೋ ದಾನ ಮಾಡಬೇಡ. ಹೆಮ್ಮಾಡಿಯ ನಿತೇಶ್ ಮುಂದಿನ ಬಂದರಿನಲ್ಲಿ ನಿಮ್ಮ ಹಡಗು ಹತ್ತುತ್ತಾನಂತೆ. ಮುಲಾಮು, ಅಮ್ಮ ಮಾಡಿದ ಒಣಸಿಗಡಿ ಚಟ್ನಿ, ಈ ಪತ್ರ ಮೂರೂ ಅವನ ಕೈಯಲ್ಲಿ. ಚಟ್ನಿ ಡಬ್ಬಿಯ ಮುಚ್ಚಳ ಬಿಗಿಯಾಗಿದೆ, ಬಲ ಹಾಕಿ ತೆಗೆ.

ಹಡಗಿನ ಕಂಪನಿಯವರ ಮೂಲಕ ಕಳಿಸಿದ ಎರಡು ಸಾಲಿನಲ್ಲಿ ನಿನಗೆ ಮುಖ್ಯ ವಿಷಯ ಗೊತ್ತಾಗಿದೆ. ಆದರೆ ಅದು ಹೇಗಾಯಿತು ಎಂದು ನಾನು ಬರೆಯದಿದ್ದರೆ ನಿನಗೆ ಊರಿನವರ ಬಾಯಿಂದ ಬೇರೆ ಬೇರೆ ಥರ ಮುಟ್ಟುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಸಮುದ್ರದ ಲೈನಿನಲ್ಲಿ ಅರ್ಧ ಮಾತು ಗಾಳಿಗೆ ಹೋಗುತ್ತದೆ, ಉಳಿದರ್ಧ ಹೇಳೋಣವೆಂದರೆ ಅಪ್ಪಯ್ಯ ಜಗಲಿಯಲ್ಲಿ ಕೂತು ಕಿವಿ ಕೊಟ್ಟಿರುತ್ತಾರೆ. ಅದಕ್ಕೇ ಕಾಗದ. ಕ್ರಮವಾಗಿ ಬರೆಯುತ್ತೇನೆ, ನೀನೂ ಹಾರಿಸದೆ ಓದು.

ಆ ದಿನ ನಾನು ಬ್ರಹ್ಮಾವರದ ಮೆಡಿಕಲ್ ಶಾಪಿನಲ್ಲಿ ಔಷಧಿ ಎತ್ತಿ ಕೊಡುತ್ತಿದ್ದೆ. ಅಮ್ಮ ಫೋನ್ ಮಾಡಿದಳು. ಸ್ವರ ಎಷ್ಟು ತಣ್ಣಗಿತ್ತೆಂದರೆ ಮೊದಲು ಅಕ್ಕಿ ತರಲು ಹೇಳುತ್ತಿದ್ದಾಳೆ ಅಂದುಕೊಂಡೆ. ಗಂಗೊಳ್ಳಿಯ ಒಂದು ಬೋಟಿನವರಿಗೆ ವಯರ್‌ಲೆಸ್ಸಿನಲ್ಲಿ ಅಪ್ಪಯ್ಯನ ಸ್ವರ ಕೇಳಿತ್ತಂತೆ. "ಇಂಜಿನ್ ನಿಂತ್ ಹೋಯ್ತ್. ನೀರ್ ಏರ್ತಾ ಇತ್ತ್. ಅಜ್ಜಿಕಲ್ಲಿಗೆ ಲಂಗರ್ ಹಾಕ್ಕಂಡಿತ್." ಅಷ್ಟೇ. ಆಮೇಲೆ ಗರಗರ ಸದ್ದು, ಆಮೇಲೆ ಅದೂ ಇಲ್ಲ. ಬೋಟಿನ ಜಾಗ ತೋರಿಸುವ ಪೆಟ್ಟಿಗೆಯೂ ಅದೇ ಬ್ಯಾಟರಿಯಿಂದ ಓಡುವುದು. ಬ್ಯಾಟರಿ ನೀರಿನಲ್ಲಿ ಮುಳುಗಿದರೆ ಎಲ್ಲ ಒಟ್ಟಿಗೇ ಸಾಯುತ್ತವೆ. ಗಾಳಿ ಬೆಳಿಗ್ಗೆಯಿಂದಲೇ ತೆಂಕಣ ದಿಕ್ಕಿನಿಂದ ಬೀಸುತ್ತಿತ್ತು. ನಾನು ಬಿಳಿ ಕೋಟು ಬಿಚ್ಚದೆ ಬಸ್ಸು ಹತ್ತಿದೆ.

ಮನೆಗೆ ಮುಟ್ಟುವಾಗ ಅಂಗಳದಲ್ಲಿ ಜನ. ಬೋಟು ಕಟ್ಟುವ ಧಕ್ಕೆಯ ತಾಂಡೇಲರು ಸುಮಾರು ಮಂದಿ ಬಂದಿದ್ದರು. ಬೋಟು ನಡೆಸಿ ಮುಖ ಕಪ್ಪಾದ ಗಂಡಸರೆಲ್ಲ ತೆಂಗಿನ ಬುಡದಲ್ಲಿ ನಿಂತಿದ್ದರು. ಅಪ್ಪಯ್ಯನ ಜೊತೆ ಹೋಗಿದ್ದ ಪದ್ದುವಿನ ಹೆಂಡತಿ ಸ್ನೇಹಲತಾ ಮೆಟ್ಟಿಲಲ್ಲಿ ಕೂತಿದ್ದಳು, ಮಡಿಲಲ್ಲಿ ಮಗು. ಕರಾವಳಿ ಕಾವಲಿನ ಪೊಲೀಸರು ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ: ಅಜ್ಜಿಕಲ್ಲು ಎಲ್ಲಿ? ಅದು ಯಾರಿಗೂ ಗೊತ್ತಿರಲಿಲ್ಲ. ನಿನಗೆ ಹೇಳಬೇಕಾಗಿಲ್ಲ, ನೀರಿನಡಿಯ ಕಲ್ಲಿನ ಹತ್ತಿರವೇ ಮುರು ಮೀನು ನಿಲ್ಲುವುದು, ಕಲ್ಲು ಗೊತ್ತಿದ್ದವನಿಗೆ ಗಾಳ ತುಂಬ ಮೀನು, ಗೊತ್ತಿಲ್ಲದವನಿಗೆ ಹರಿದ ಬಲೆ. ಪ್ರತಿಯೊಬ್ಬ ತಾಂಡೇಲನಿಗೂ ಅವನವೇ ಕಲ್ಲುಗಳು, ಅವನವೇ ಹೆಸರುಗಳು. ಅಜ್ಜ ಹಾಯಿದೋಣಿಯ ಕಾಲದಲ್ಲಿ ಹಿಡಿದ ಜಾಗ ಅದು. ಅಪ್ಪಯ್ಯ ಅಮ್ಮನಿಗೂ ಹೇಳಿರಲಿಲ್ಲ. ಜೊತೆಗೆ ದುಡಿಯುವವರು ಸಹ ಅಲ್ಲಿಗೆ ಹೋಗಿ ಬಂದದ್ದೇ ಹೊರತು ಜಿಪಿಎಸ್‌ನ ಅಂಕೆ ನೋಡಿದವರಲ್ಲ, ನೋಡಿದವರು ಯಾರಾದರೂ ಇದ್ದರೆ ಅವರೂ ಈಗ ಅದೇ ಬೋಟಿನಲ್ಲಿದ್ದರು.

ಆಗ ನನಗೆ ನಿನ್ನ ಹಳೆ ಲ್ಯಾಪ್‌ಟಾಪ್ ನೆನಪಾಯಿತು. ಪ್ರತಿ ರಜೆಯಲ್ಲೂ ನೀನು ಬೋಟಿನ ಜಿಪಿಎಸ್‌ನಿಂದ ಅಪ್ಪಯ್ಯನ ಜಾಗಗಳನ್ನೆಲ್ಲ ಇಳಿಸಿ ಇಡುತ್ತಿದ್ದೆಯಲ್ಲ, ಮಿಷನ್ ಹಾಳಾದರೆ ಬೇಕಾಗುತ್ತದೆ ಎಂದು. ಅಪ್ಪಯ್ಯ ಬೈದುಕೊಂಡೇ ಬಿಟ್ಟುಕೊಡುತ್ತಿದ್ದರು. ನಿನಗೆ ತಿಳಿಸಲು ನೋಡಿದೆವು, ನಿನ್ನ ಹಡಗು ಎಲ್ಲಿತ್ತೋ, ಮೆಸೇಜು ಮುಟ್ಟದೆ ಒಂದೇ ಟಿಕ್ಕಿನಲ್ಲಿ ನಿಂತಿತು. ಸಾಲಿಗ್ರಾಮದಲ್ಲಿ ಸಿಸಿಟಿವಿ ಅಂಗಡಿ ಇಟ್ಟಿರುವ ಉಮಾನಾಥ ಭಾವ ಸುದ್ದಿ ಕೇಳಿ ಬೈಕಿನಲ್ಲಿ ಬಂದಿದ್ದರು. ಇಬ್ಬರೂ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ತೆರೆದೆವು. ಅಪ್ಪಯ್ಯನ ಹೆಸರಿನ ಫೋಲ್ಡರಿನಲ್ಲಿ ಒಂದೇ ಒಂದು ಫೈಲು. ತೆರೆದರೆ ಬರೀ ಅಂಕೆಗಳು. ಹೊಸ ಜಿಪಿಎಸ್ ತಂದ ಮೇಲೆ ನೀನು ಮೇ ಕೊನೆಯಲ್ಲಿ ಇಳಿಸಿದ್ದು ಅದು. ಬೋಟು ಓಡಾಡಿದ ದಾರಿಯೆಲ್ಲ ಇದೆ, ಒಂದು ಕಲ್ಲಿನ ಹೆಸರೂ ಇಲ್ಲ. ಹಳೆ ಜಿಪಿಎಸ್‌ನ ಹೆಸರುಗಳಿದ್ದದ್ದು ಅದಕ್ಕೂ ಹಿಂದಿನ ವರ್ಷ ನೀನು ಒಂದೇ ಫೈಲಾಗಿ ಕಟ್ಟಿಟ್ಟ ದೊಡ್ಡ ಗಂಟಿನೊಳಗೆ, ಫೋಟೋ, ಯಕ್ಷಗಾನದ ವಿಡಿಯೋ, ನಿನ್ನ ಕೋರ್ಸಿನ ಪುಸ್ತಕ ಎಲ್ಲದರ ಜೊತೆ.

ಭಾವ ಮೊದಲು ಮೌಸ್ ಒತ್ತಿ ಗಂಟನ್ನು ತೆರೆಯಲು ನೋಡಿದರು. ಪರದೆಯ ಕಿಟಕಿ ಬಿಳಿಚಿಕೊಂಡು ಹಾಗೇ ನಿಂತುಬಿಟ್ಟಿತು, ಮೌಸೂ ಅಲುಗಾಡಲಿಲ್ಲ. ಗುಂಡಿ ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚಬೇಕಾಯಿತು. ಆ ಹಳೆ ಯಂತ್ರ ಎದ್ದು ಕೂರುವವರೆಗೆ ಸ್ನೇಹಲತಾಳ ಮಗು ಅಳುತ್ತಿದ್ದದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಮೌಸ್ ಬಿಟ್ಟು, ಆಜ್ಞೆ ಕೊಡುವ ಕಪ್ಪು ಪರದೆಯಲ್ಲೇ ಬರೆಯೋಣ ಎಂದೆ. ನೀನು ಒಂದು ಮಳೆಗಾಲ ನನ್ನನ್ನು ಕೂರಿಸಿ ಹೇಳಿಕೊಟ್ಟಿದ್ದೆಯಲ್ಲ, ಗಂಟು ಕಟ್ಟಿ ಬಿಚ್ಚುವ ಟಾರ್ ಎಂಬ ಆಜ್ಞೆ ಬರೆದು ಟಿ ಹಾಕಿದರೆ ಗಂಟಿನೊಳಗೆ ಏನಿದೆ ಎಂದು ತೋರಿಸುತ್ತದೆ, ಎಕ್ಸ್ ಹಾಕಿದರೆ ಬಿಚ್ಚುತ್ತದೆ, ಎಫ್ ಹಾಕಿ ಗಂಟಿನ ಹೆಸರು ಹೇಳಬೇಕು. "ಮೊದ್ಲ್ ಕಾಣ್, ಕಡಿಕೆ ಬಿಚ್ಚ್" ಎಂದು ನೀನೇ ಅಂದಿದ್ದೆ. ಟಿ ಹಾಕಿದೆವು. ಹೆಸರುಗಳು ಮಳೆನೀರಿನ ಹಾಗೆ ಇಳಿಯತೊಡಗಿದವು. ಕಣ್ಣು ಮಿಟುಕಿಸದೆ ನೋಡಿದೆ. ಕೊನೆಗೆ ಅಪ್ಪಯ್ಯನ ಹೆಸರಿನ ಫೋಲ್ಡರು, ಅದರೊಳಗೆ ಅಪ್ಪಯ್ಯನ ಹೆಸರಿನದೇ ಫೈಲು. ಭಾವ ಉಸಿರು ಬಿಟ್ಟು, ಟಿ ಇದ್ದಲ್ಲಿ ಎಕ್ಸ್ ಬರೆದು, ಇನ್ನೇನು ಎಂಟರ್ ಒತ್ತಬೇಕು.

ನಾನು ಅವರ ಕೈ ಹಿಡಿದೆ. "ನಿಲ್ಲಿ ಭಾವ, ಇಲ್ಲ್ ಬಿಚ್ಬೇಡಿ." ಅವರಿಗೆ ಸಿಟ್ಟೇ ಬಂತು. ಹೊರಗೆ ಅಷ್ಟು ಜನ ಕಾಯುತ್ತಿದ್ದಾರೆ, ಇವಳೇನು ಆಟ ಆಡುತ್ತಿದ್ದಾಳೆ ಎನ್ನುವ ಹಾಗೆ ನೋಡಿದರು. ಆದರೆ ನೀನು ಹಳೆಯದಕ್ಕೂ ಹೊಸದಕ್ಕೂ ಒಂದೇ ಹೆಸರಿಟ್ಟಿದ್ದೆ ಅಣ್ಣ, ಜಾಗವೂ ಒಂದೇ. ಇಲ್ಲೇ ಬಿಚ್ಚಿದರೆ ಹಳೆಯದು ಬಂದು ಹೊಸದರ ಮೇಲೆ ಕೂರುತ್ತದೆ, ಟಾರ್ ಒಂದು ಮಾತೂ ಕೇಳುವುದಿಲ್ಲ. ಹೊಸ ಫೈಲು ನಮಗೆ ಏಕೆ ಬೇಕು ಎಂದು ಆಗ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅಳಿಸಬಾರದು ಎಂದಷ್ಟೇ ಅನ್ನಿಸಿತು. ಹೇಳಿದ ಮೇಲೆ ಭಾವನಿಗೂ ಅರ್ಥವಾಯಿತು. ಪೂರ್ತಿ ಬಿಚ್ಚಲು ಡಿಸ್ಕಿನಲ್ಲಿ ಜಾಗವೂ ಇರಲಿಲ್ಲ ಎಂದು ಕಂಡುಹಿಡಿದವರು ಅವರೇ. ಅದೊಂದೇ ಫೈಲನ್ನು ಹೆಸರು ಹೇಳಿ ತೆಗೆಯೋಣ, ಬೇರೆ ಜಾಗ ಹೇಳುವ ದೊಡ್ಡ ಸಿ ಹಾಕಿ ತಮ್ಮ ಪೆನ್‌ಡ್ರೈವಿನೊಳಗೆ ಇಳಿಸೋಣ, ಇಲ್ಲಿಯದು ಇಲ್ಲೇ ಇರಲಿ ಎಂದರು. ಜೇಬಿನಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದರು.

ಎಂಟರ್ ಒತ್ತಿದೆವು. ಏನೂ ಆಗಲಿಲ್ಲ. ಪರದೆಯಲ್ಲಿ ಆ ಬಿಳಿ ಚೌಕ ಮಾತ್ರ ಮಿನುಗುತ್ತಿತ್ತು. ಏನು ಮಾಡುತ್ತಿದ್ದೇನೆ ಎಂದು ಹೇಳಿಸುವ ವಿ ಅಕ್ಷರ ಹಾಕಲು ಇಬ್ಬರಿಗೂ ನೆನಪಾಗಿರಲಿಲ್ಲ. ಅಷ್ಟು ದೊಡ್ಡ ಗಂಟನ್ನು ಅದು ತಳದವರೆಗೆ ಹುಡುಕುತ್ತಿದೆಯೋ, ಮತ್ತೆ ನಿಂತಿದೆಯೋ ಗೊತ್ತಾಗುತ್ತಿರಲಿಲ್ಲ. ಅಮ್ಮ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಹಾಗೊಂದು ಫೈಲು ಗಂಟಿನಲ್ಲಿ ಇಲ್ಲ. ಈಗ ತಾನೆ ನಮ್ಮ ಕಣ್ಣಿಂದ ನೋಡಿದ್ದೇವೆ, ಇಲ್ಲ ಎಂದರೆ ಹೇಗೆ? ಭಾವ ಮೇಜಿಗೆ ಗುದ್ದಿದರು. ನಾನು ಮೇಲೆ ಸರಿಸಿ ಪಟ್ಟಿಯ ಆ ಸಾಲನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ, ಅಂಗಡಿಯಲ್ಲಿ ಡಾಕ್ಟರ ಚೀಟಿ ಓದುವ ಹಾಗೆ. ಹೆಸರಿನ ಮುಂಚೆ ಒಂದು ಚುಕ್ಕಿ, ಒಂದು ಓರೆಗೀಟು. ನಾವು ಅದನ್ನು ಬಿಟ್ಟಿದ್ದೆವು. ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಕರೆದರೆ ಮಾತ್ರ ಅದು ಓ ಎನ್ನುವುದು. ಚುಕ್ಕಿ ಹಾಕಿ, ಗೀಟು ಹಾಕಿ, ಈ ಸಲ ವಿ ಕೂಡ ಹಾಕಿ ಮತ್ತೆ ಒತ್ತಿದೆವು. ಮತ್ತದೇ ಕಾಯುವುದು. ಒಂದು ಸಾಲು ಮೂಡಿತು, ಅಪ್ಪಯ್ಯನ ಹೆಸರು. ಭಾವನ ಹಣೆಯ ಬೆವರು ಕೀಲಿಮಣೆಯ ಮೇಲೆ ಬಿತ್ತು.

ಪೆನ್‌ಡ್ರೈವಿನ ಫೈಲು ತೆರೆದು ಅಜ್ಜಿಕಲ್ಲು ಎಂದು ಹುಡುಕಿದರೆ ಒಂದಲ್ಲ, ಎರಡು ಸಿಕ್ಕಿದವು. ಅಜ್ಜಿಕಲ್ಲು ಒಂದು, ಅಜ್ಜಿಕಲ್ಲು ಎರಡು. ಒಂದರ ಅಕ್ಷಾಂಶದ ಅಂಕೆ ಹದಿಮೂರರ ಚುಕ್ಕಿಯ ಮುಂದೆ ಎರಡರಿಂದ ಶುರು, ಅದು ದಕ್ಷಿಣಕ್ಕೆ ಕಾಪುವಿನ ಕಡೆ. ಇನ್ನೊಂದು ಏಳರಿಂದ ಶುರು, ಬಡಗಣಕ್ಕೆ ಕಿರಿಮಂಜೇಶ್ವರದ ನೇರ ಪಡುವಣಕ್ಕೆ. ಅಲ್ಲಿಗೂ ಇಲ್ಲಿಗೂ ಅರ್ಧ ದಿನದ ದಾರಿ. ಅಂಗಳದಲ್ಲಿದ್ದ ಒಬ್ಬರು ಎರಡೂ ಕಡೆ ಬೋಟು ಕಳಿಸೋಣ ಎಂದರು. ಇನ್ನೊಬ್ಬರು, ಆ ಗಾಳಿಗೆ ಹೊರಡುವ ಧೈರ್ಯದ ಬೋಟುಗಳೇ ಕಡಿಮೆ, ಅದನ್ನೂ ಅರ್ಧ ಮಾಡಿದರೆ ಕತ್ತಲೆಯೊಳಗೆ ಯಾರನ್ನೂ ಕಾಣಲಾರೆವು ಎಂದರು. ಆಗ ನಾನು ಮತ್ತೆ ಆ ಹೊಸ ಫೈಲನ್ನು ತೆರೆದೆ, ಅಳಿಸಿ ಹೋಗಬೇಕಾಗಿದ್ದದ್ದನ್ನು. ಈ ವರ್ಷ ಬೋಟು ಓಡಾಡಿದ ದಾರಿ ಸಾಲುಸಾಲಾಗಿ ಇತ್ತು. ಏಪ್ರಿಲ್ ಪೂರ್ತಿ, ಮೇ ಪೂರ್ತಿ, ಬೋಟು ನಿಂತಲ್ಲೆಲ್ಲ ಹದಿಮೂರರ ಮುಂದೆ ಏಳು, ಏಳು, ಏಳು. ಎರಡು ಎಲ್ಲೂ ಇಲ್ಲ. ಅಪ್ಪಯ್ಯ ತೆಂಕಣದ ಕಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು. ಎರಡೂ ಫೈಲು ಕೈಯಲ್ಲಿ ಇದ್ದದ್ದರಿಂದ ಗೊತ್ತಾಯಿತು.

ಇಷ್ಟಾದ ಮೇಲೆ ಎಲ್ಲಕ್ಕಿಂತ ಕಷ್ಟದ್ದು ಬಂತು. ಗಂಗೊಳ್ಳಿಯಿಂದ ಹೊರಟು ಆಗಲೇ ನೀರಿನಲ್ಲಿದ್ದ ಬೋಟುಗಳಿಗೆ ಅಂಕೆ ಮುಟ್ಟಿಸಬೇಕೆಂದರೆ ವಯರ್‌ಲೆಸ್ಸಿನಲ್ಲೇ ಹೇಳಬೇಕು. ಹೇಳಿದರೆ ಭಟ್ಕಳದಿಂದ ಮಲ್ಪೆಯವರೆಗೆ ಕಿವಿ ಇದ್ದವರೆಲ್ಲ ಬರೆದುಕೊಳ್ಳುತ್ತಾರೆ. ಅಜ್ಜನ ಕಾಲದಿಂದ ಬಾಯಿ ಬಿಡದೆ ಕಾದ ಜಾಗ ಒಂದು ಉಸಿರಿಗೆ ಊರಿನದಾಗುತ್ತದೆ. ಧಕ್ಕೆಯ ತಾಂಡೇಲರಲ್ಲಿ ಹಿರಿಯವರೊಬ್ಬರು ವಯರ್‌ಲೆಸ್ ಕೈಯಲ್ಲಿ ಹಿಡಿದಿದ್ದರೂ ಒತ್ತಲಿಲ್ಲ. ಅದು ಅವರ ದೊಡ್ಡತನ. ಅಮ್ಮನ ಕಡೆ ತಿರುಗಿ, "ಸುಗುಣಕ್ಕ, ಹೇಳ್ರೆ ಎಲ್ಲರಿಗೂ ಗೊತ್ತಾತ್ತ್. ಶೀನಣ್ಣನ ಕಲ್ಲ್ ಮತ್ತ್ ಶೀನಣ್ಣಂದಾಯಿ ಉಳಿಯುದಿಲ್ಲ" ಎಂದರು. ನಾನು ಅಮ್ಮನ ಮುಖ ನೋಡಿದೆ. ಸ್ನೇಹಲತಾ ಕೂಡ ಮೆಟ್ಟಿಲಿಂದ ತಲೆಯೆತ್ತಿ ನೋಡಿದಳು. ಅಮ್ಮ ಹೆಚ್ಚು ಯೋಚಿಸಲಿಲ್ಲ.

"ಕಲ್ಲ್ ಹೋಯ್ಲಿ. ಜನ ಬರ್ಲಿ" ಎಂದಳು.

ನಾನೇ ಓದಿ ಹೇಳಿದೆ. ಒಂದೊಂದೇ ಅಂಕೆ, ಎರಡೆರಡು ಸಲ. ಅವರು ನನ್ನ ಹಿಂದೆಯೇ ವಯರ್‌ಲೆಸ್ಸಿನಲ್ಲಿ ಹೇಳುತ್ತಾ ಹೋದರು. ಪೊಲೀಸರಿಗೂ ಅದನ್ನೇ ಕೊಟ್ಟೆವು.

ಆಮೇಲಿನ ಕಾಯುವಿಕೆಯನ್ನು ಏನೆಂದು ಬರೆಯಲಿ. ಅಮ್ಮ ಹಿತ್ತಿಲಿಗೆ ಹೋಗಿ ಬೂತಾಯಿ ಮೀನು ಕ್ಲೀನ್ ಮಾಡಲು ಕೂತಳು, ಕ್ಲೀನ್ ಮಾಡಿದ್ದನ್ನೇ ಮತ್ತೆ ತೊಳೆದಳು. ಉಮಾನಾಥ ಭಾವ ಲ್ಯಾಪ್‌ಟಾಪ್ ಮುಚ್ಚಲು ಬಿಡಲಿಲ್ಲ, ಇನ್ನೇನಾದರೂ ಕೇಳಿದರೆ ಬೇಕು ಎಂದು. ನನಗೆ ಒಂದೇ ಹೆದರಿಕೆ, ಎಲ್ಲಾದರೂ ಒಂದು ಅಂಕೆ ತಪ್ಪಿ ಓದಿದ್ದರೆ? ಮತ್ತೆ ಮತ್ತೆ ಪರದೆಗೆ ಹೋಗಿ ನೋಡಿದೆ. ಬೆಳಕು ಇಳಿಯುತ್ತಾ ಬಂತು. ಅಳಿವೆಯ ಕಡೆ ನೀರು ಹಿತ್ತಾಳೆಯ ಬಣ್ಣಕ್ಕೆ ತಿರುಗಿದಾಗ ವಯರ್‌ಲೆಸ್ ಗರಗುಟ್ಟಿತು. ಗಂಗೊಳ್ಳಿ ಬೋಟಿನವನ ಸ್ವರ, ಮೊದಲಿಗೆ ಏನೂ ಅರ್ಥವಾಗಲಿಲ್ಲ. ಎರಡನೇ ಸಲಕ್ಕೆ ಕೇಳಿತು. ಕಂಡಿದೆ. ಹಗ್ಗ ಎಸೆದಿದ್ದೇವೆ. ಜನ ಎಲ್ಲ ಇದ್ದಾರೆ. ಸ್ನೇಹಲತಾ ಮಗುವನ್ನು ನನ್ನ ಕೈಗೆ ಕೊಟ್ಟು ವಯರ್‌ಲೆಸ್ಸಿನ ಹತ್ತಿರ ಓಡಿದಳು.

ಆ ಬೋಟಿನವರು ಆಮೇಲೆ ಹೇಳಿದ್ದು ಇಷ್ಟು. ಬೋಟು ಮೂತಿ ಎತ್ತಿ, ಹಿಂಬದಿ ನೀರಿನಲ್ಲಿ ಮುಳುಗಿ, ಲಂಗರಿನ ಹಗ್ಗದಲ್ಲಿ ಕಲ್ಲಿಗೆ ಕಚ್ಚಿ ನಿಂತಿತ್ತಂತೆ. ಎಲ್ಲರೂ ಮೂತಿಯ ಮೇಲೆ ಒಬ್ಬರನ್ನೊಬ್ಬರು ಹಿಡಿದು ಕೂತಿದ್ದರು. ಅಪ್ಪಯ್ಯನ ಜೊತೆಯೇ ದುಡಿಯುವ ಗುಡ್ಡನ ಕೈ ಇಂಜಿನ್ನಿಗೆ ಸಿಕ್ಕಿ ಜಜ್ಜಿತ್ತು, ಪದ್ದು ತನ್ನ ಲುಂಗಿ ಹರಿದು ಕಟ್ಟಿದ್ದ. ಗುಡ್ಡ ಈಗ ಕುಂದಾಪುರದ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ, ಬೆರಳು ಉಳಿಯಿತು. ಬೋಟು ಉಳಿಯಲಿಲ್ಲ ಅಣ್ಣ. ಎಳೆದು ತರುವಾಗ ದಾರಿಯಲ್ಲಿ ಹಗ್ಗ ಕಡಿದು ಮುಳುಗಿತು. ಅದನ್ನು ಆ ಎರಡು ಸಾಲಿನಲ್ಲಿ ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಗಂಗೊಳ್ಳಿ ಧಕ್ಕೆಗೆ ನಾನೂ ಅಮ್ಮನೂ ಹೋದೆವು. ಅಪ್ಪಯ್ಯನ ತುಟಿ ಉಪ್ಪಿಗೆ ಒಡೆದಿತ್ತು, ಯಾರದ್ದೋ ಅಂಗಿ ಹಾಕಿದ್ದರು. ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮೊದಲ ಮಾತು ಏನು ಗೊತ್ತಾ? "ಅಜ್ಜಿಕಲ್ಲ್ ಯಾರ್ ಹೇಳದ್?" ನಾನು ಹೇಳಿದೆ, ನಾನೇ. ಅವರು ತಲೆಯಾಡಿಸಿದರು, ಹೌದೆಂದೋ ಆಯಿತೆಂದೋ ಗೊತ್ತಿಲ್ಲ. ಅಷ್ಟೇ. ಅಂದಿನಿಂದ ನನ್ನ ಹತ್ತಿರ ಬೇಕಾದಷ್ಟೇ ಮಾತು. ಬೈಯುವುದಿಲ್ಲ. ಬೈದರೆ ಎಷ್ಟೋ ಹಗುರ ಇತ್ತು. ಜಗಲಿಯಲ್ಲಿ ಪಡುವಣಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಅಪ್ಪಯ್ಯ ಸಮುದ್ರಕ್ಕೆ ಬೆನ್ನು ಹಾಕಿ ಕೂತದ್ದನ್ನು ನೀನು ಯಾವತ್ತಾದರೂ ಕಂಡಿದ್ದೀಯಾ?

ಅಜ್ಜಿಕಲ್ಲಿನ ಹತ್ತಿರ ಈಗ ದಿನಾ ಬೋಟುಗಳಂತೆ. ಮೊನ್ನೆ ಒಬ್ಬರು ಅಲ್ಲಿ ಹಿಡಿದ ದೊಡ್ಡ ಮುರು ಮೀನು ತಂದು ಕೊಟ್ಟರು, ಕೃತಜ್ಞತೆಗೋ ನಾಚಿಕೆಗೋ. ಅಮ್ಮ ಊಟಕ್ಕೆ ಅದರ ಪದಾರ್ಥ ಮಾಡಿದಳು, ಹಿಂದೆ ಕಳಿಸಿದರೆ ಅವರಿಗೆ ಬೇಸರ ಎಂದು. ಅಪ್ಪಯ್ಯ ಬರೀ ಮಜ್ಜಿಗೆಯಲ್ಲಿ ಉಂಡು ಎದ್ದರು. ಅದಲ್ಲದೆ, ಲ್ಯಾಪ್‌ಟಾಪಿನಲ್ಲಿ ಶೀನಣ್ಣನ ಎಲ್ಲ ಕಲ್ಲುಗಳೂ ಇವೆಯಂತೆ ಎಂಬ ಸುದ್ದಿ ಹೇಗೋ ಹಬ್ಬಿದೆ. ನಮ್ಮ ಮನೆಗೆ ಯಾವತ್ತೂ ಬಾರದವರು ಬೈಂದೂರಿನಿಂದ ಹಣ್ಣು ಹಿಡಿದು ಬಂದು, ಆರೋಗ್ಯ ಕೇಳಿ, ಕಣ್ಣು ಊಟದ ಮೇಜಿನ ಕಡೆ ಹಾಯಿಸಿ ಹೋದರು. ಅವರು ಹೋದ ಮೇಲೆ ಅಪ್ಪಯ್ಯ ಒಳಗೆ ಬಂದು ನನಗೆ ಹೇಳಿದ್ದು ಒಂದೇ ಮಾತು. "ಎಲ್ಲ ಅಳ್ಸ್."

ನಾನು ಅಳಿಸಿಲ್ಲ. ಅಳಿಸುವುದಿಲ್ಲ ಎಂದೂ ಹೇಳಿಲ್ಲ. ಪೆನ್‌ಡ್ರೈವನ್ನು ಭಾವನಿಂದ ಕೇಳಿ ತಂದು ನನ್ನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ. ಅಪ್ಪಯ್ಯನ ಜೀವ ಉಳಿಸಿದ್ದು ಅದೇ, ಅಪ್ಪಯ್ಯನ ಮುಖ ಇಳಿಸಿದ್ದೂ ಅದೇ. ನಾನು ಮಾಡಿದ್ದು ತಪ್ಪೇ ಎಂದು ನಿನ್ನನ್ನು ಕೇಳುವುದಿಲ್ಲ. ಮತ್ತೆ ಆ ದಿನ ಬಂದರೆ ಮತ್ತೆ ಓದಿ ಹೇಳುತ್ತೇನೆ. ಆದರೆ ಅಪ್ಪಯ್ಯನಿಗೆ ನೀನೊಂದು ಮಾತು ಬರೆ. ನನ್ನ ಪರವಾಗಿ ಅಲ್ಲ, ಸುಮ್ಮನೆ ಬರೆ. ನಿನ್ನ ಕಾಗದವನ್ನು ಅವರು ಮೂರು ಸಲ ಓದಿಸಿ ಕೇಳುತ್ತಾರೆ.

ಸಮಯಕ್ಕೆ ಊಟ ಮಾಡು, ಹಡಗಿನ ಆ ಕಬ್ಬಿಣದ ಮೆಟ್ಟಿಲುಗಳಲ್ಲಿ ಓಡಬೇಡ. ಅಮ್ಮ ದೇವರ ಮುಂದೆ ನಿನ್ನ ಹೆಸರಿನಲ್ಲಿ ಎಣ್ಣೆ ಹಾಕುತ್ತಿದ್ದಾಳೆ. ಪದ್ದು, ಗುಡ್ಡ, ಉಮಾನಾಥ ಭಾವ ಎಲ್ಲರೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಸಮುದ್ರ ನಿನ್ನನ್ನು ಕಾಪಾಡಲಿ.

ನಿನ್ನ ತಂಗಿ,
ಸಿಂಚನಾ

ತಾ. ಕ.: ಕಾಗದ ಮಡಚಿ ಆಗಿತ್ತು. ನಿತೇಶನ ಕಾರು ಗೇಟಿನಲ್ಲಿ ಹಾರ್ನ್ ಹಾಕುತ್ತಿದೆ, ಅದಕ್ಕೇ ಅಕ್ಷರ ಹೀಗೆ. ಈಗ ತಾನೆ ಅಪ್ಪಯ್ಯ ಎದ್ದು ಬಂದು ಮೇಜಿನ ಹತ್ತಿರ ಕೂತರು. ಲ್ಯಾಪ್‌ಟಾಪ್ ತೆಗಿ ಎಂದರು. ಅಳಿಸಲೇ ಎಂದು ಕೇಳಿದೆ. ಬರೆದುಕೋ ಎಂದರು. ಯಾವ ಜಿಪಿಎಸ್‌ಗೂ ಹಾಕದ, ನಿನಗೂ ಹೇಳದ ಕಲ್ಲುಗಳು ಅಣ್ಣ, ಅಜ್ಜ ಕಣ್ಣಳತೆಯಲ್ಲಿ ಹಿಡಿದವು. ಕೊಡಚಾದ್ರಿಯ ತಲೆ ಯಾವ ಗುಡ್ಡದ ಹೆಗಲಿಗೆ ಬಂದರೆ ಯಾವ ಕಲ್ಲು ಎಂದು ಒಂದೊಂದಾಗಿ ಹೇಳಿದರು, ನಾನು ಬರೆದೆ. ಧಕ್ಕೆಯ ಬೇರೆ ಇಬ್ಬರು ತಾಂಡೇಲರೂ ತಮ್ಮದನ್ನು ನನ್ನ ಹತ್ತಿರ ಕಟ್ಟಿ ಇಡಲು ಕೇಳಿದ್ದಾರಂತೆ. ಟಾರ್‌ನಲ್ಲಿ ಬೀಗ ಇಲ್ಲ, ಅದಕ್ಕೆ ಬೇರೆಯದು ಬೇಕು ಎನ್ನುತ್ತಾರೆ ಭಾವ. ಗಂಟಿಗೆ ಬೀಗ ಹಾಕುವುದು ಯಾವುದರಿಂದ, ಯಾವ ಅಕ್ಷರ ಹಾಕಬೇಕು, ಬೇಗ ಬರೆದು ತಿಳಿಸು. ಅಪ್ಪಯ್ಯ ಪಕ್ಕದಲ್ಲೇ ನಿಂತಿದ್ದಾರೆ, ಇದನ್ನು ಅವರದೇ ಮಾತಿನಲ್ಲಿ ಬರೆ ಎನ್ನುತ್ತಿದ್ದಾರೆ: "ಬೀಗ ಹಾಕ್. ನಾ ಕಡಲಿಂದ ಬಪ್ಪುಕೆ ತಡ ಆರೆ ಮಾತ್ರ ಬಿಚ್ಚ್."